ಕಂಪ್ಯೂಟರ್ ಪಾಸ್‌ವರ್ಡ್ ಮರೆತುಹೋಯ್ತಾ? ಫಾರ್ಮ್ಯಾಟ್ ಮಾಡುವ ಮುಂಚೆ ಇಷ್ಟು ನೋಡಿ

ಪಾಸ್‌ವರ್ಡ್ ಮರೆತೆ ಅಂದರೆ ಸಾಕು, ಹತ್ತಿರದವರು ಕೊಡುವ ಮೊದಲ ಸಲಹೆ ಫಾರ್ಮ್ಯಾಟ್ ಮಾಡಿಬಿಡಿ, ಅಂದರೆ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿ ಅಂತ. ದಯವಿಟ್ಟು ಬೇಡ. ಅದು ಕಟ್ಟಕಡೆಯ ದಾರಿ. ಮನೆಯ ಕಂಪ್ಯೂಟರ್‌ನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಫೋಟೋ, ಮಕ್ಕಳ ಪ್ರಾಜೆಕ್ಟ್, ಲೆಕ್ಕಪತ್ರ ಎಲ್ಲ ಇರುತ್ತದೆ, ಅದೆಲ್ಲ ಉಳಿಸಿಕೊಂಡೇ ಒಳಗೆ ಹೋಗುವ ದಾರಿ ಎಷ್ಟೋ ಸಲ ಸಿಗುತ್ತದೆ.

ಮೊದಲು ಕೀಬೋರ್ಡ್ ನೋಡಿ. ಕ್ಯಾಪ್ಸ್ ಲಾಕ್ ಆನ್ ಆಗಿದೆಯಾ? ನಮ್ ಲಾಕ್ (Num Lock) ಆಫ್ ಆಗಿದೆಯಾ? ಪರದೆಯ ಕೆಳಗೆ ಬಲಮೂಲೆಯಲ್ಲಿ ಬೇರೆ ಭಾಷೆಯ ಕೀಬೋರ್ಡ್ ಆಯ್ಕೆಯಾಗಿದೆಯಾ? ಪಾಸ್‌ವರ್ಡ್ ಬಾಕ್ಸ್‌ನ ಪಕ್ಕದಲ್ಲಿ ಕಣ್ಣಿನ ಗುರುತು ಇದ್ದರೆ ಅದನ್ನು ಒತ್ತಿ, ಏನು ಟೈಪ್ ಆಗುತ್ತಿದೆ ಅಂತ ಕಾಣುತ್ತದೆ. ಸುಮ್ನೆ ಮೇಲಿಂದ ಮೇಲೆ ಊಹೆ ಮಾಡಿ ಹೊಡೆಯಬೇಡಿ, ಹೊಸ ವಿಂಡೋಸ್ 11ರಲ್ಲಿ 10 ಸಲ ತಪ್ಪಾದರೆ ಖಾತೆ 10 ನಿಮಿಷ ಲಾಕ್ ಆಗಬಹುದು.

ಇನ್ನೊಂದು ವಿಷಯ ಎಷ್ಟೋ ಜನ ಗಮನಿಸುವುದಿಲ್ಲ. ಪಿನ್ ಬೇರೆ, ಪಾಸ್‌ವರ್ಡ್ ಬೇರೆ. ಪಿನ್ ಮರೆತಿದ್ದರೆ 'ಸೈನ್ ಇನ್ ಆಪ್ಷನ್ಸ್' ಒತ್ತಿ ಪಾಸ್‌ವರ್ಡ್ ಹಾಕಿ ನೋಡಿ. ಪಾಸ್‌ವರ್ಡ್ ಮರೆತಿದ್ದರೆ ಅಲ್ಲೇ ಪಿನ್ ಆಯ್ಕೆ ಇದೆಯಾ ನೋಡಿ.

ಇದ್ಯಾವುದೂ ಆಗಲಿಲ್ಲ ಅಂದರೆ ನಿಮ್ಮದು ಎಂಥ ಖಾತೆ ಅನ್ನುವುದು ಮುಖ್ಯ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹೆಸರಿನ ಕೆಳಗೆ ಇಮೇಲ್ ಕಾಣಿಸಿದರೆ ಅದು ಮೈಕ್ರೋಸಾಫ್ಟ್ ಖಾತೆ. ಕಾಣಿಸದಿದ್ದರೆ, ಕಂಪ್ಯೂಟರ್ ಮೊದಲು ಶುರು ಮಾಡಿದಾಗ ಇಮೇಲ್ ಕೊಟ್ಟಿದ್ದಿರಾ ಅಂತ ನೆನಪಿಸಿಕೊಳ್ಳಿ. ಕೊಟ್ಟಿರದಿದ್ದರೆ ಅದು ಲೋಕಲ್ ಖಾತೆ, ಅಂದರೆ ಆ ಕಂಪ್ಯೂಟರಿಗೆ ಮಾತ್ರ ಸೀಮಿತವಾದ ಖಾತೆ.

ಮೈಕ್ರೋಸಾಫ್ಟ್ ಖಾತೆ ಆದರೆ ಕೆಲಸ ಸುಲಭ. ಲಾಗಿನ್ ಪರದೆಯಲ್ಲೇ 'ಐ ಫರ್ಗಾಟ್ ಮೈ ಪಾಸ್‌ವರ್ಡ್' ಒತ್ತಿ, ಅಥವಾ ಫೋನಿನಲ್ಲಿ ಮೈಕ್ರೋಸಾಫ್ಟ್‌ನ ಅಧಿಕೃತ ಸೈಟಿಗೆ ಹೋಗಿ ಪಾಸ್‌ವರ್ಡ್ ಬದಲಿಸಿ. ಮೊದಲೇ ಕೊಟ್ಟಿದ್ದ ಫೋನ್ ನಂಬರ್‌ಗೋ ಬೇರೆ ಇಮೇಲ್‌ಗೋ ಕೋಡ್ ಬರುತ್ತದೆ. ಆ ಕೋಡನ್ನು ಯಾರಿಗೂ ಹೇಳಬೇಡಿ, ಸಹಾಯ ಮಾಡುತ್ತೇವೆ ಅಂತ ಫೋನ್ ಮಾಡಿದವರಿಗೂ ಹೇಳಬೇಡಿ. ಫೋನಿನಿಂದ ಬದಲಿಸಿದ ಮೇಲೆ ಕಂಪ್ಯೂಟರ್‌ಗೆ ಇಂಟರ್‌ನೆಟ್ ಬೇಕು. ಲಾಗಿನ್ ಪರದೆಯ ಮೂಲೆಯಲ್ಲೇ ವೈಫೈ ಗುರುತು ಇದೆ, ಅಲ್ಲಿಂದ ಕನೆಕ್ಟ್ ಮಾಡಿ. ಇಲ್ಲದಿದ್ದರೆ ಅದಕ್ಕೆ ಹೊಸ ಪಾಸ್‌ವರ್ಡ್ ಗೊತ್ತೇ ಆಗುವುದಿಲ್ಲ, ಹಳೆಯದನ್ನೇ ಕೇಳುತ್ತಾ ಕೂರುತ್ತದೆ.

ಲೋಕಲ್ ಖಾತೆ ಸ್ವಲ್ಪ ಕಷ್ಟ. ಒಂದು ಸಲ ಬೇಕಂತಲೇ ತಪ್ಪು ಪಾಸ್‌ವರ್ಡ್ ಹಾಕಿ, ಆಮೇಲೆ ಕೆಳಗೆ 'ರೀಸೆಟ್ ಪಾಸ್‌ವರ್ಡ್' ಬರುತ್ತದೆ. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಿಂದ ಈಚೆಗೆ ಖಾತೆ ಮಾಡುವಾಗ 3 ಭದ್ರತಾ ಪ್ರಶ್ನೆ ಕೇಳುತ್ತಾರಲ್ಲ, ಅದಕ್ಕೆ ನೀವು ಆಗ ಕೊಟ್ಟಿದ್ದ ಉತ್ತರಗಳನ್ನೇ ಕೊಟ್ಟರೆ ಹೊಸ ಪಾಸ್‌ವರ್ಡ್ ಇಡಬಹುದು. ಉತ್ತರವೂ ನೆನಪಿಲ್ಲವಾ? ಅದೇ ಕಂಪ್ಯೂಟರ್‌ನಲ್ಲಿ ಮನೆಯ ಬೇರೆಯವರದ್ದು ಅಡ್ಮಿನ್ ಖಾತೆ (ಬೇರೆ ಖಾತೆಗಳನ್ನೂ ಬದಲಿಸುವ ಅಧಿಕಾರ ಇರುವ ಖಾತೆ) ಇದ್ದರೆ ಅವರು ಲಾಗಿನ್ ಆಗಿ, ಕಂಟ್ರೋಲ್ ಪ್ಯಾನೆಲ್‌ನ ಯೂಸರ್ ಅಕೌಂಟ್ಸ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಬದಲಿಸಬಹುದು. ಆದರೆ ಹೀಗೆ ಮಾಡಿದರೆ ವಿಂಡೋಸ್‌ನಲ್ಲೇ ಎನ್‌ಕ್ರಿಪ್ಟ್ ಮಾಡಿಟ್ಟ (ಬೇರೆಯವರು ಓದದಂತೆ ಗುಪ್ತಲಿಪಿಯಲ್ಲಿಟ್ಟ) ಫೈಲುಗಳು ಮತ್ತು ಸೇವ್ ಆಗಿರುವ ಪಾಸ್‌ವರ್ಡ್‌ಗಳು ಕೈತಪ್ಪಬಹುದು. ಮಾಮೂಲಿ ಫೋಟೋ, ಡಾಕ್ಯುಮೆಂಟ್‌ಗಳಿಗೆ ಏನೂ ಆಗುವುದಿಲ್ಲ.

ಇಂಟರ್‌ನೆಟ್‌ನಲ್ಲಿ ಪಾಸ್‌ವರ್ಡ್ ಒಡೆಯುವ ಸಾಫ್ಟ್‌ವೇರ್ ಬೇಕಾದಷ್ಟು ಸಿಗುತ್ತದೆ. ಊರು ಹೆಸರು ಗೊತ್ತಿಲ್ಲದ ಅಂಥದ್ದನ್ನು ಮುಟ್ಟಲೇಬೇಡಿ, ಎಷ್ಟೋ ಸಲ ಅದರೊಳಗೇ ವೈರಸ್ ಇರುತ್ತದೆ.

ಎಲ್ಲ ದಾರಿ ಮುಚ್ಚಿದರೂ ಮೊದಲು ಫೈಲು ಉಳಿಸಿಕೊಳ್ಳಿ, ಆಮೇಲೆ ಕಂಪ್ಯೂಟರನ್ನೇ ರೀಸೆಟ್ ಮಾಡಿ. ಬೇರೆ ಕಂಪ್ಯೂಟರ್‌ನಲ್ಲಿ ಒಂದು ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್‌ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಹಾಕಿಕೊಂಡು, ನಿಮ್ಮ ಕಂಪ್ಯೂಟರನ್ನು ಅದರಿಂದಲೇ ಬೂಟ್ ಮಾಡಿ, ಅಂದರೆ ಶುರು ಮಾಡಿ. ಅಲ್ಲಿ ಇನ್‌ಸ್ಟಾಲ್ ಒತ್ತಬೇಡಿ, 'ಟ್ರೈ ಉಬುಂಟು' ಮಾತ್ರ. ಆಗ ಡಿಸ್ಕ್ ತೆರೆದು ಬೇಕಾದ್ದನ್ನೆಲ್ಲ ಇನ್ನೊಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಬಹುದು. ಡಿಸ್ಕ್‌ಗೆ ಬಿಟ್‌ಲಾಕರ್ (ಇಡೀ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ ಮಾತ್ರ 48 ಅಂಕಿಯ ರಿಕವರಿ ಕೀ ಇಲ್ಲದೆ ಅದು ತೆರೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆ ಬಳಸಿದ್ದರೆ ಆ ಕೀ ಸಾಮಾನ್ಯವಾಗಿ ಆನ್‌ಲೈನ್‌ನಲ್ಲಿ ಅದೇ ಖಾತೆಯೊಳಗೆ ಸೇವ್ ಆಗಿರುತ್ತದೆ, ಫೋನಿನಿಂದ ಹುಡುಕಿ.

ಫೈಲು ಕೈಗೆ ಬಂದ ಮೇಲೆ ವಿಂಡೋಸ್ ಲಾಗಿನ್ ಪರದೆಗೆ ಮರಳಿ, ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ, 'ಟ್ರಬಲ್‌ಶೂಟ್', 'ರೀಸೆಟ್ ದಿಸ್ ಪಿಸಿ', 'ರಿಮೂವ್ ಎವ್ರಿಥಿಂಗ್'. 'ಕೀಪ್ ಮೈ ಫೈಲ್ಸ್' ಆರಿಸಿದರೆ ಹಳೆಯ ಖಾತೆ, ಹಳೆಯ ಪಾಸ್‌ವರ್ಡ್ ಹಾಗೇ ಉಳಿಯುತ್ತದೆ, ಪ್ರಯೋಜನವಿಲ್ಲ.

ಮ್ಯಾಕ್ ಇದ್ದವರು ಕೆಲವು ಸಲ ತಪ್ಪು ಪಾಸ್‌ವರ್ಡ್ ಹಾಕಿ ನೋಡಿ, ಆ್ಯಪಲ್ ಖಾತೆಯಿಂದ ರೀಸೆಟ್ ಮಾಡುವ ಆಯ್ಕೆ ಬರಬಹುದು. ಮ್ಯಾಕ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಫೈಲ್‌ವಾಲ್ಟ್ ಆನ್ ಮಾಡಿದ್ದರೆ ಅದರ ರಿಕವರಿ ಕೀಯಿಂದಲೂ ಆಗುತ್ತದೆ.

ಒಳಗೆ ಹೋದ ದಿನವೇ, ಬಿಟ್‌ಲಾಕರ್ ಅಥವಾ ಫೈಲ್‌ವಾಲ್ಟ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು, ಕಂಪ್ಯೂಟರ್‌ನಿಂದ ದೂರ ಎಲ್ಲಾದರೂ ಜೋಪಾನವಾಗಿಡಿ. ಲೋಕಲ್ ಖಾತೆ ಆದರೆ ಕಂಟ್ರೋಲ್ ಪ್ಯಾನೆಲ್‌ನಿಂದ ಒಂದು ಪೆನ್‌ಡ್ರೈವ್‌ನಲ್ಲಿ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿಕೊಳ್ಳಿ. ಒಂದು ಸಲ ಮಾಡಿದರೆ ಸಾಕು, ಆಮೇಲೆ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅದೇ ಕೆಲಸ ಮಾಡುತ್ತದೆ.