ಪಟಾಕಿ ಸದ್ದಿಗೆ ನಡುಗುವ ನಾಯಿ: ಹಬ್ಬಕ್ಕೆ ಮೊದಲೇ ಮನೆ ಸಿದ್ಧ ಮಾಡುವುದು ಹೇಗೆ?

ನಮ್ಮ ಕೆಂಚ ನಾಟಿ ನಾಯಿ. ಗೊತ್ತಿಲ್ಲದವರು ಗೇಟು ಮುಟ್ಟಿದರೆ ಬೀದಿಗೆಲ್ಲ ಕೇಳುವ ಹಾಗೆ ಬೊಗಳುತ್ತಾನೆ. ಅದೇ ಕೆಂಚ ಹೋದ ದೀಪಾವಳಿಯಲ್ಲಿ, ತುಮಕೂರಿನ ಎಸ್‌.ಎಸ್‌.ಪುರಂನ ನಮ್ಮ ರಸ್ತೆಯಲ್ಲಿ ಒಂದು ಆಟಂ ಬಾಂಬ್ ಸಿಡಿದ ಕೂಡಲೇ ಕಾಂಪೌಂಡ್ ಹಾರಿ ಓಡಿಹೋದ. ರಾತ್ರಿಯೆಲ್ಲ ಹುಡುಕಿದೆವು. ಬೆಳಿಗ್ಗೆ ಅಮಾನಿಕೆರೆ ಕಡೆ ಒಂದು ಪೊದೆಯೊಳಗೆ ಮುದುರಿಕೊಂಡು ಕೂತಿದ್ದ. ಮುಂಗಾಲಿನ ಎರಡು ಉಗುರು ಕಿತ್ತುಹೋಗಿ ರಕ್ತ ಒಣಗಿತ್ತು. ನಾನು ಹೆಸರು ಹಿಡಿದು ಕರೆದರೂ ಹತ್ತಿರ ಬರಲಿಲ್ಲ.

ನಾಯಿಗೆ ಯಾಕಿಷ್ಟು ಭಯ? ನಮಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ, ನಾಯಿಗೆ ಸುಮಾರು 45,000ದವರೆಗೂ ಕೇಳುತ್ತದೆ. ಅದೂ ಅಲ್ಲದೆ ಇವತ್ತು ಹಬ್ಬ ಅಂತ ಅದಕ್ಕೆ ಗೊತ್ತಿಲ್ಲವಲ್ಲ! ಯಾವ ಕಡೆಯಿಂದ, ಯಾವಾಗ ಸಿಡಿಯುತ್ತದೋ ತಿಳಿಯದೆ ಒದ್ದಾಡುತ್ತದೆ. ಏದುಸಿರು, ಜೊಲ್ಲು, ನಡುಕ, ಬಾಗಿಲು ಕೆರೆಯುವುದು, ಊಟ ಬಿಡುವುದು ಎಲ್ಲವೂ ಭಯವೇ. ಹಟ ಅಂದುಕೊಂಡು ಬೈಯಬೇಡಿ.

ಒಂದೆರಡು ತಿಂಗಳು ಮೊದಲೇ ಅಭ್ಯಾಸ ಶುರು ಮಾಡಿ. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಆಗಲೇ ಅದಕ್ಕೆ ಇಷ್ಟವಾದ ತಿಂಡಿ ಕೊಡಿ. ದಿನಕ್ಕೆ ಐದು ನಿಮಿಷ ಸಾಕು. ಆರಾಮಾಗಿ ತಿನ್ನುತ್ತಿದ್ದರೆ ಕೆಲವು ದಿನ ಬಿಟ್ಟು ಒಂದು ಚೂರು ಏರಿಸಿ. ಕಿವಿ ಹಿಂದಕ್ಕೆ ಮಡಚಿದರೆ, ತಿನ್ನುವುದು ನಿಲ್ಲಿಸಿದರೆ ಸದ್ದು ಇಳಿಸಿ. ಕೆಂಚನಿಗೆ ನಾನು ಮೊಟ್ಟೆ ಚೂರು ಕೊಡುತ್ತೇನೆ. ಮೊದಲ ವಾರ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದವನು ಈಗ ತಲೆಯೆತ್ತಿ ಮೊಬೈಲ್ ಕಡೆ ನೋಡುತ್ತಾನೆ, ಮತ್ತೆ ತಟ್ಟೆಗೆ ಬಾಯಿ ಹಾಕುತ್ತಾನೆ. ಇಷ್ಟಕ್ಕೇ ನನಗೆ ಎಷ್ಟು ಖುಷಿ ಗೊತ್ತಾ?

ಭಯ ಜಾಸ್ತಿ ಇರುವ ನಾಯಿಗೆ ಇದು ಸಾಲದು. ಹಬ್ಬಕ್ಕೆ ಎರಡು ಮೂರು ವಾರ ಇರುವಾಗಲೇ ಪಶುವೈದ್ಯರ ಹತ್ತಿರ ಹೋಗಿ. ಭಯ ಕಡಿಮೆ ಮಾಡುವ ಮಾತ್ರೆಗಳಿವೆ. ವೈದ್ಯರು ತೂಕ, ವಯಸ್ಸು, ಬೇರೆ ಕಾಯಿಲೆ ನೋಡಿ ಕೊಡುತ್ತಾರೆ. ಅವರನ್ನು ಕೇಳಿ, ಮಾಮೂಲಿ ದಿನವೊಂದರಲ್ಲಿ ಒಮ್ಮೆ ಕೊಟ್ಟು ನೋಡಿ. ಒಂದು ಮಾತು ಮುಖ್ಯ: ಸುಮ್ನೆ ಮಂಪರು ಬರಿಸುವ ಔಷಧ ಬೇರೆ, ಭಯ ಇಳಿಸುವ ಔಷಧ ಬೇರೆ. ಅಸೆಪ್ರೊಮಜಿನ್ ಅನ್ನುವ ಮಂಪರಿನ ಔಷಧ ಒಂದನ್ನೇ ಕೊಟ್ಟರೆ ಮೈ ಜೋಲುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನಂತೂ ಕೊಡಲೇಬೇಡಿ.

ಹಬ್ಬದ ವಾರ ಗೇಟಿನ ಚಿಲಕ, ಕಾಂಪೌಂಡಿನ ಸಂದು ಎಲ್ಲ ನೋಡಿ. ಕತ್ತಿನ ಪಟ್ಟಿ ಎರಡು ಬೆರಳು ಮಾತ್ರ ಹೋಗುವಷ್ಟು ಬಿಗಿಯಿರಲಿ, ಮೇಲೆ ನಿಮ್ಮ ಫೋನ್ ನಂಬರ್ ಬರೆಸಿ. ಮೊಬೈಲಿನಲ್ಲಿ ಹೊಸ ಫೋಟೊ ಇರಲಿ. ನನ್ನ ಹತ್ತಿರ ಇದ್ದದ್ದು ಕೆಂಚ ಮರಿಯಾಗಿದ್ದಾಗಿನ ಫೋಟೊ, ಅದನ್ನು ತೋರಿಸಿ ಹುಡುಕುವುದು ತುಂಬಾ ಕಷ್ಟವಾಯಿತು.

ಹಬ್ಬದ ದಿನ ಬೆಳಕಿರುವಾಗಲೇ ವಾಕಿಂಗ್ ಮುಗಿಸಿ, ಹಗ್ಗ ಬಿಡಬೇಡಿ. ಆರು ಗಂಟೆಯೊಳಗೆ ಊಟ ಹಾಕಿ. ರಸ್ತೆಯಿಂದ ದೂರದ ಕೋಣೆ ಆರಿಸಿಕೊಳ್ಳಿ. ಕಿಟಕಿ ಮುಚ್ಚಿ, ಪರದೆ ಎಳೆಯಿರಿ. ಪರದೆ ತೆಳುವಾಗಿದ್ದರೆ ಮೇಲೆ ಜಮಖಾನ ಇಳಿಬಿಡಿ. ಫ್ಯಾನ್, ಟಿವಿ ಓಡಲಿ. ನೀರು, ನಿಮ್ಮ ಹಳೆ ಸೀರೆಯೋ ಲುಂಗಿಯೋ ಅಲ್ಲಿಡಿ. ಮಂಚದಡಿ, ಬಚ್ಚಲುಮನೆ, ಎಲ್ಲಿ ಅಡಗಿದರೂ ಇರಲಿ ಬಿಡಿ, ಎಳೆದು ಹೊರಗೆ ತರಬೇಡಿ. ಕಟ್ಟಿಹಾಕಲೂಬೇಡಿ, ಗಾಬರಿಯಲ್ಲಿ ಹಗ್ಗ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ನರಕ ಚತುರ್ದಶಿಯ ದಿನ ಎಣ್ಣೆಸ್ನಾನ ಮುಗಿಸಿ ನಸುಕಿನಲ್ಲೇ ಪಟಾಕಿ ಹಚ್ಚುವವರಿದ್ದಾರೆ, ಆ ಬೆಳಿಗ್ಗೆಯೂ ಬಾಗಿಲು ಜೋಪಾನ.

‘ಮುದ್ದು ಮಾಡಿದರೆ ಭಯ ಇನ್ನೂ ಜಾಸ್ತಿಯಾಗುತ್ತೆ’ ಅಂತ ಹೇಳುವವರು ಬಹಳ. ಅದು ತಪ್ಪು. ಭಯ ಅನ್ನುವುದು ತಿಂಡಿ ಕೊಟ್ಟು ಕಲಿಸಿದ ವಿದ್ಯೆಯಲ್ಲ, ಸಮಾಧಾನ ಮಾಡಿದರೆ ಅದು ಬೆಳೆಯುವುದಿಲ್ಲ. ಪಕ್ಕಕ್ಕೆ ಬಂದು ಒರಗಿದರೆ ಎದೆಯ ಮೇಲೆ ನಿಧಾನವಾಗಿ ಕೈಯಾಡಿಸಿ.

ಇದೆಲ್ಲ ಮಾಡುವವರಿಗೂ ಸುಸ್ತಾಗುತ್ತದೆ. ಮೂರು ರಾತ್ರಿ ಸರಿಯಾಗಿ ನಿದ್ದೆಯಿಲ್ಲ, ಹಬ್ಬಕ್ಕೆ ತವರಿಗೆ ಹೋಗುವ ಹಾಗಿಲ್ಲ. ನಮ್ಮ ಮನೆಯಲ್ಲಿ ಈ ಸಲ ಸರದಿ ಹಾಕಿಕೊಂಡಿದ್ದೇವೆ: ಒಬ್ಬರು ಪೂಜೆ, ನೆಂಟರು ಅಂತ ನೋಡಿಕೊಂಡರೆ ಇನ್ನೊಬ್ಬರು ಕೆಂಚನ ಜೊತೆ.

ಅಕ್ಕಪಕ್ಕದವರ ಹತ್ತಿರ ಜಗಳ ಆದಮೇಲೆ ಮಾತಾಡಬೇಡಿ, ಮೊದಲೇ ಮಾತಾಡಿ. ‘ಮಕ್ಕಳು ಹಬ್ಬದಲ್ಲಿ ಪಟಾಕಿ ಹೊಡೆಯಬಾರದಾ ಅಕ್ಕ?’ ಅಂತ ಎದುರುಮನೆಯವರು ಕೇಳಿದರು. ಬೇಡ ಅನ್ನಲಿಲ್ಲ, ಎಷ್ಟು ಹೊತ್ತಿಗೆ ಅಂತ ಕೇಳಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಮಾತ್ರ ಸಮಯ ಕೊಟ್ಟಿತ್ತು. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರುವ ಪಟಾಕಿಯನ್ನು ಮಾರುವ ಹಾಗೇ ಇಲ್ಲ. ಕೊನೆಗೆ ಅವರು ಸುರಸುರ ಬತ್ತಿ, ಹೂಕುಂಡ, ಭೂಚಕ್ರ ಸಾಕು, ಬಾಂಬ್ ತರಲ್ಲ ಅಂದರು. ಬೀದಿನಾಯಿಗಳ ಪರವಾಗಿ ಮಾತಾಡುವವರು ಯಾರೂ ಇಲ್ಲ. ಆ ಎರಡು ಗಂಟೆ ಮೆಟ್ಟಿಲ ಕೆಳಗೆ ಒಂದು ಗೋಣಿಚೀಲ ಹಾಸಿ ಜಾಗ ಕೊಡಿ.

ಮಾರನೆ ದಿನ ನಾಯಿಯನ್ನು ಬಿಡುವ ಮೊದಲು ಅಂಗಳ, ಮನೆಮುಂದಿನ ರಸ್ತೆ ಗುಡಿಸಿ. ಪಟಾಕಿ ಮದ್ದು ಹೊಟ್ಟೆಗೆ ಹೋದರೆ ವಿಷ. ಸುಟ್ಟ ಗಾಯವಾಗಿದ್ದರೆ ತಣ್ಣೀರು ಹರಿಸಿ ನೇರ ವೈದ್ಯರ ಹತ್ತಿರ ಕರೆದೊಯ್ಯಿರಿ. ಪೇಸ್ಟು, ಅರಿಶಿನ ಏನೂ ಮೆತ್ತಬೇಡಿ.