ಸೆಕೆಂಡ್ ಹ್ಯಾಂಡ್ ಕ್ಯಾಮೆರಾ: ಕೌಂಟರ್ ಮೇಲೆ ನೋಡುವುದು, ಮನೆಗೆ ತಂದು ನೋಡುವುದು

ಬಳಸಿದ ಕ್ಯಾಮೆರಾವನ್ನು ಡೀಲರ್ ಹತ್ತಿರ ಕೊಳ್ಳುವಾಗ ಬೆಲೆಗಿಂತ ಮೊದಲು ನಾನು ಕೇಳುವುದು ವಾಪಸಾತಿಯ ಷರತ್ತು. ಎಷ್ಟು ದಿನದೊಳಗೆ ಹಿಂದಿರುಗಿಸಬಹುದು, ಹಣವೇ ಕೈಗೆ ಬರುತ್ತದೋ ಇಲ್ಲ ಬೇರೆ ಸಾಮಾನಿಗೆ ಹೊಂದಿಸಿಕೊಳ್ಳಬೇಕೋ, ಕೊರಿಯರ್ ಖರ್ಚು ಯಾರದು, ವಾರಂಟಿಯಲ್ಲಿ ಶಟರ್ (ಬೆಳಕು ಒಳಬಿಡುವ ಪರದೆ) ಸೇರಿದೆಯೋ ಇಲ್ಲವೋ, ಇಷ್ಟೂ ಬಿಲ್ಲಿನ ಮೇಲೆ ಬರಹದಲ್ಲಿರಬೇಕು. ನೇರವಾಗಿ ಮಾರುವ ವ್ಯಕ್ತಿಗಿಂತ ಡೀಲರ್ ಹೆಚ್ಚು ಕೇಳುವುದು ಸಹಜ. ಆ ಹೆಚ್ಚಿನ ಹಣಕ್ಕೆ ನಮಗೆ ಸಿಗುವುದು ಈ ಷರತ್ತೇ. ಕೌಂಟರ್ ಮುಂದೆ ನಿಂತು ಕಾಲು ಗಂಟೆಯಲ್ಲಿ ಕೆಲವು ದೋಷಗಳು ಮಾತ್ರ ಕಾಣುತ್ತವೆ. ಉಳಿದವು ಬಿಸಿಲಿನಲ್ಲಿ, ಕತ್ತಲಲ್ಲಿ, ಕ್ಯಾಮೆರಾ ಚೆನ್ನಾಗಿ ಬಿಸಿಯಾದ ಮೇಲೆ ಹೊರಬೀಳುತ್ತವೆ.

ಮಿಂಟ್, ಎಕ್ಸಲೆಂಟ್, ಗುಡ್ ಎಂಬ ದರ್ಜೆಗಳನ್ನು ನಾನು ಅಷ್ಟಕ್ಕಷ್ಟೇ ನಂಬುವುದು. ಒಬ್ಬೊಬ್ಬ ಡೀಲರ್‌ನದು ಒಂದೊಂದು ಅಳತೆ, ಅದೂ ಬಹುಪಾಲು ಹೊರಮೈಗೆ ಸಂಬಂಧಿಸಿದ್ದು. ಹಿಡಿಯುವ ಜಾಗದಲ್ಲೆಲ್ಲ ಸಮವಾಗಿ ಬಣ್ಣ ಸವೆದ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಚೆನ್ನಾಗಿ ಓಡಿದ ಬಾಡಿ, ಅದರಿಂದ ಭಯವಿಲ್ಲ. ಮೈಯೆಲ್ಲ ಹೊಸದರಂತಿದ್ದು ಒಂದು ಮೂಲೆ ಮಾತ್ರ ತಗ್ಗಾಗಿದ್ದರೆ ಅದು ಬಿದ್ದಿದೆ ಎಂದೇ ಅರ್ಥ. ನಾನು ಸವೆದದ್ದನ್ನು ಕೊಳ್ಳುತ್ತೇನೆ, ಬಿದ್ದದ್ದನ್ನು ಬಿಡುತ್ತೇನೆ. ಯಾವ ದೋಷ ಕಂಡರೂ ನೋಡಬೇಕಾದ್ದು, ಅದಕ್ಕೆ ಬಿಡಿಭಾಗ ಇನ್ನೂ ಸಿಗುತ್ತದೆಯೇ ಎಂಬುದು. ಹರಿದ ರಬ್ಬರ್ ಗ್ರಿಪ್, ಸಡಿಲವಾದ ಐಕಪ್ (ಕಣ್ಣಿಡುವ ಕಿಂಡಿಯ ರಬ್ಬರ್) ಚೌಕಾಸಿಗೆ ಒದಗುವ ವಿಷಯಗಳು. ಉತ್ಪಾದನೆ ನಿಂತು ಬಹಳ ವರ್ಷವಾದ ಮಾದರಿಯಲ್ಲಿ ಸರ್ಕ್ಯೂಟ್ ಬೋರ್ಡ್ ತಕರಾರು ಇದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ನಷ್ಟ.

ಜೊತೆಗೆ ಒಯ್ಯುವ ಸಾಮಾನು ಹೆಚ್ಚಿಲ್ಲ: ಫಾರ್ಮ್ಯಾಟ್ ಮಾಡಿದ ನನ್ನದೇ ಮೆಮೊರಿ ಕಾರ್ಡ್, ಸಾಧ್ಯವಾದರೆ ಚಾರ್ಜ್ ಮಾಡಿದ ಬ್ಯಾಟರಿ, ಸಣ್ಣ ಎಲ್‌ಇಡಿ ಟಾರ್ಚ್, ರಬ್ಬರ್ ಬ್ಲೋವರ್, ಲೆನ್ಸ್‌ಗೆ ಹೊಂದುವ ಅಳತೆಯ ಒಂದು ಯುವಿ ಫಿಲ್ಟರ್, ಯುಎಸ್‌ಬಿ ಕೇಬಲ್ ಮತ್ತು ಲ್ಯಾಪ್‌ಟಾಪ್. ಫಿಲ್ಟರ್ ಒಯ್ಯುವುದು ಗಾಜು ಕಾಪಾಡಲಿಕ್ಕಲ್ಲ. ಅದನ್ನು ಲೆನ್ಸ್ ಮುಂದಿನ ಥ್ರೆಡ್‌ಗೆ ತಿರುಗಿಸಿದರೆ ಸರಾಗವಾಗಿ ಕೂರಬೇಕು. ಎಲ್ಲಾದರೂ ಹಿಡಿದರೆ ರಿಂಗ್ ಬಾಗಿದೆ, ಲೆನ್ಸ್ ಮೂಗು ಅಡಿಯಾಗಿ ಬಿದ್ದಿದೆ. ತಗ್ಗನ್ನು ಒತ್ತಿ ಸರಿಮಾಡಿ ಬಣ್ಣ ಬಳಿದಿದ್ದರೂ ಥ್ರೆಡ್ ಸುಳ್ಳು ಹೇಳದು.

ಬಾಡಿ

ಮೊದಲು ಸ್ಕ್ರೂಗಳು. ತಲೆಯ ಕಪ್ಪು ಬಣ್ಣ ಕಿತ್ತಿದ್ದರೆ, ಪ್ಲಸ್ ಗುರುತು ಸವೆದಿದ್ದರೆ, ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದೇ ತಪ್ಪಲ್ಲ, ಯಾಕೆ ಬಿಚ್ಚಿದರು, ರಿಪೇರಿ ಬಿಲ್ ಇದೆಯೇ ಎಂದು ಕೇಳಬೇಕು. ಆಮೇಲೆ ಮೌಂಟ್, ಅಂದರೆ ಲೆನ್ಸ್ ಕೂರುವ ಬಳೆ: ನಾಲ್ಕೂ ಕಡೆ ಸಮವಾಗಿ ಸವೆದಿರಬೇಕು, ಲೆನ್ಸ್ ಹಾಕಿದರೆ ಅಲುಗಾಡಬಾರದು. ಸಿಎಫ್ (ಕಾಂಪ್ಯಾಕ್ಟ್‌ಫ್ಲ್ಯಾಶ್) ಕಾರ್ಡ್ ಬಳಸುವ ಹಳೆಯ ಬಾಡಿಯಾದರೆ ಸ್ಲಾಟ್ ಒಳಗೆ ಟಾರ್ಚ್ ಬಿಟ್ಟು ಪಿನ್ನುಗಳನ್ನು ನೋಡುತ್ತೇನೆ. ಒಂದು ಪಿನ್ ಬಾಗಿದ್ದರೂ ಕಾರ್ಡ್ ಓದುವುದಿಲ್ಲ, ಅದನ್ನು ನೆಟ್ಟಗೆ ಮಾಡಹೋದರೆ ಮುರಿಯುವುದೇ ಹೆಚ್ಚು. ಬ್ಯಾಟರಿ ಕೋಣೆಯಲ್ಲಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ತೇವಾಂಶ ಅಥವಾ ಸೋರಿದ ಸೆಲ್‌ನ ಗುರುತು. ಒಳಗಿನ ಬೋರ್ಡ್‌ವರೆಗೂ ತಲುಪಿರಬಹುದು.

ಶಟರ್ ಕೌಂಟ್, ಅಂದರೆ ಶಟರ್ ಈವರೆಗೆ ಎಷ್ಟು ಸಲ ಓಡಿದೆ ಎಂಬುದನ್ನು ಎಲ್ಲರೂ ಕೇಳುತ್ತಾರೆ, ಓದುವುದು ಮಾತ್ರ ಕಂಪನಿಗೊಂದು ರೀತಿ. ನಿಕಾನ್ ಮತ್ತು ಪೆಂಟಾಕ್ಸ್ ಬಾಡಿಗಳು ಪ್ರತಿ ಚಿತ್ರದ ಎಕ್ಸಿಫ್ ಮಾಹಿತಿಯಲ್ಲೇ (ಕಡತದೊಳಗೆ ಅಡಗಿರುವ ವಿವರ) ಅದನ್ನು ಬರೆಯುತ್ತವೆ. ಒಂದು ಜೆಪೆಗ್ ತೆಗೆದು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಲ್ಲಿ ತೆರೆದರೆ ಸಾಕು. ಸೋನಿಯ ಹಲವು ಮಾದರಿಗಳಲ್ಲೂ ಹೀಗೇ. ಕ್ಯಾನನ್‌ನ ಬಹುತೇಕ ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ) ಅದು ಚಿತ್ರದಲ್ಲಿ ಸಿಗುವುದಿಲ್ಲ, ಯುಎಸ್‌ಬಿಯಲ್ಲಿ ಜೋಡಿಸಿ ಬೇರೆ ತಂತ್ರಾಂಶದಿಂದ ಓದಬೇಕು. ಕಡತದ ಹೆಸರಿನ ಸಂಖ್ಯೆ ನೋಡಿ ಲೆಕ್ಕ ಹೇಳುವವರಿದ್ದಾರೆ. ಅದು 9999 ದಾಟಿದ ಮೇಲೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಹಾಗಾಗಿ ಏನೂ ಹೇಳುವುದಿಲ್ಲ.

ಆ ಸಂಖ್ಯೆಯನ್ನು ಮಾದರಿಗೆ ಹೋಲಿಸಿ ನೋಡಬೇಕು. ಕ್ಯಾನನ್ 5ಡಿ ಮಾರ್ಕ್ 3ರ ಶಟರ್‌ಗೆ ಕಂಪನಿ ಹೇಳಿದ್ದು 1.5 ಲಕ್ಷ ಕ್ಲಿಕ್, ನಿಕಾನ್ ಡಿ850ಕ್ಕೆ 2 ಲಕ್ಷ, ಕ್ಯಾನನ್ 1ಡಿ ಎಕ್ಸ್‌ಗೆ 4 ಲಕ್ಷ. ಇವು ಪರೀಕ್ಷೆಯ ಅಂಕಿಗಳು. ದಾಟಿಯೂ ಓಡಿದವು, ಅರ್ಧದಲ್ಲೇ ಕೆಟ್ಟವು ಎರಡೂ ಉಂಟು. ಮಿರರ್‌ಲೆಸ್ (ಕನ್ನಡಿ ಇಲ್ಲದ) ಬಾಡಿಗಳಲ್ಲಿ ಈ ಲೆಕ್ಕಕ್ಕೆ ಇನ್ನೂ ಕಡಿಮೆ ಬೆಲೆ. ವಿಡಿಯೊಗೆ ಗಂಟೆಗಟ್ಟಲೆ ಓಡಿಸಿದ ಕ್ಯಾಮೆರಾದ ಶಟರ್ ಕೌಂಟ್ ತೀರಾ ಕಡಿಮೆ ಇರಬಹುದು. ಎಚ್‌ಡಿಎಂಐ ಕಿಂಡಿ ಸಡಿಲವಾಗಿದೆಯೇ, ಅದರ ಮುಚ್ಚಳ ಜೋತುಬಿದ್ದಿದೆಯೇ, ಬಾಡಿಯ ಅಡಿಯಲ್ಲಿ ಟ್ರೈಪಾಡ್ ಪ್ಲೇಟಿನ ಉಜ್ಜು ಎಷ್ಟಿದೆ ಎಂಬುದರಿಂದ ಅದರ ಹಿಂದಿನ ಕೆಲಸ ತಿಳಿಯುತ್ತದೆ.

ಎಕ್ಸಿಫ್ ತೆರೆದಾಗಲೇ ಅಲ್ಲಿನ ಸೀರಿಯಲ್ ಸಂಖ್ಯೆಯನ್ನು ಬಾಡಿಯ ಮೇಲಿನದರ ಜೊತೆ ಹೋಲಿಸುತ್ತೇನೆ. ಹೊಂದದಿದ್ದರೆ ಬೋರ್ಡ್ ಅಥವಾ ಹೊರಕವಚ ಬದಲಾಗಿದೆ, ಶಟರ್ ಕೌಂಟ್‌ಗೂ ಆಗ ಅರ್ಥವಿಲ್ಲ. ಬಾಡಿಯ ಸೀರಿಯಲ್ ಪಟ್ಟಿಯೇ ಕಿತ್ತುಹೋಗಿದ್ದರೆ ಕಳವಿನ ಮಾಲಿರುವ ಸಾಧ್ಯತೆ ಇದೆ. ಅಲ್ಲಿಗೇ ಮಾತು ಮುಗಿಸುತ್ತೇನೆ.

ಶಟರ್ ಪರೀಕ್ಷೆಗೆ ಸಾದಾ ಬಿಳಿ ಗೋಡೆ ಬೇಕು. ಬಾಡಿಯ ಅತಿ ವೇಗದ ಮೆಕ್ಯಾನಿಕಲ್ ಶಟರ್‌ನಲ್ಲಿ, 1/4000 ಅಥವಾ 1/8000 ಸೆಕೆಂಡಿನಲ್ಲಿ, ಕೆಲವು ಚಿತ್ರ ತೆಗೆದು ಚೌಕಟ್ಟಿನ ಒಂದು ಅಂಚು ಕಪ್ಪಾಗುತ್ತದೆಯೇ ನೋಡಬೇಕು. ಕಪ್ಪಾದರೆ ಶಟರ್‌ನ ಎರಡು ಪರದೆಗಳ (ಕರ್ಟನ್) ವೇಗ ಹೊಂದುತ್ತಿಲ್ಲ. ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಕೆಳಗೆ ಇದನ್ನು ಮಾಡಬಾರದು, ಬೆಳಕಿನ ಮಿನುಗೇ ಪಟ್ಟೆಯಾಗಿ ಮೂಡಿ ಒಳ್ಳೆಯ ಶಟರ್ ಮೇಲೂ ಅನುಮಾನ ಹುಟ್ಟಿಸುತ್ತದೆ. ಬಾಗಿಲ ಬಳಿಯ ಹಗಲ ಬೆಳಕು ಸಾಕು. ಆಮೇಲೆ ಲೆನ್ಸಿನ ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್/11ಕ್ಕೆ ಕಿರಿದುಮಾಡಿ ಇಪ್ಪತ್ತು ಮೂವತ್ತು ಚಿತ್ರಗಳನ್ನು ಒಂದೇ ಸಮನೆ ತೆಗೆಯುತ್ತೇನೆ. ಎಲ್ಲದರ ಬೆಳಕೂ ಒಂದೇ ಇರಬೇಕು. ನಡುನಡುವೆ ಕೆಲವು ಬೆಳ್ಳಗಾದರೆ ಅಪರ್ಚರ್ ಬ್ಲೇಡ್ ಸಮಯಕ್ಕೆ ಮುಚ್ಚುತ್ತಿಲ್ಲ.

ಚಿತ್ರ ಹಿಡಿಯುವ ಸೆನ್ಸರ್ ನೋಡಲು ಐಎಸ್‌ಒ (ಬೆಳಕಿನ ಸಂವೇದನೆ) 100, ಎಫ್/16 ಅಥವಾ ಎಫ್/22, ಫೋಕಸ್ ಪೂರ್ತಿ ತಪ್ಪಿಸಿ ಬಿಳಿ ಗೋಡೆ ಅಥವಾ ಆಕಾಶ. ನಿಧಾನ ಶಟರ್ ಇದ್ದರೆ ಕ್ಯಾಮೆರಾ ಸ್ವಲ್ಪ ಅಲುಗಿಸಬಹುದು. ಗೋಡೆಯ ಕಲೆಗಳು ಅಳಿಸಿಹೋಗಿ ಸೆನ್ಸರ್ ಮೇಲಿನವು ಮಾತ್ರ ಉಳಿಯುತ್ತವೆ. ಬ್ಲೋವರ್ ಊದಿ ಮತ್ತೆ ತೆಗೆದಾಗ ಜಾಗ ಬದಲಿಸಿದ್ದು ಧೂಳು. ಕದಲದೆ ಉಳಿದ ದುಂಡು ಕಲೆ ಎಣ್ಣೆ ಅಥವಾ ಅಂಟು, ತೇವದ ಸ್ವಾಬ್‌ನಿಂದ ಹೋಗುತ್ತದೆ. ಉದ್ದನೆಯ ತೆಳು ಗೆರೆ, ಅದರ ಅಂಚಿನಲ್ಲಿ ಬಣ್ಣ ಇದ್ದರೆ ಗೀರು. ಅಂಥ ಬಾಡಿ ಬೇಡ. ಚಿತ್ರದ ಮೇಲ್ಭಾಗದ ಎಡಕ್ಕೆ ಕಂಡ ಕಲೆ, ನೀವು ಸೆನ್ಸರಿಗೆ ಎದುರಾಗಿ ನೋಡುವಾಗ ಕೆಳಭಾಗದ ಎಡಕ್ಕೆ ಇರುತ್ತದೆ. ಕೊನೆಗೆ ಲೆನ್ಸ್ ಮುಚ್ಚಳ ಹಾಕಿ 1/60 ಸೆಕೆಂಡಿಗೊಂದು, 8 ಸೆಕೆಂಡಿಗೊಂದು ಚಿತ್ರ. ಉದ್ದ ಎಕ್ಸ್‌ಪೋಷರ್‌ನಲ್ಲಿ ಬಣ್ಣದ ಚುಕ್ಕಿಗಳು ನಾಲ್ಕಾರು ಇರುವುದು ಮಾಮೂಲು, 1/60ರಲ್ಲೂ ಇದ್ದರೆ ಪಿಕ್ಸೆಲ್ ಮ್ಯಾಪಿಂಗ್ (ಕೆಟ್ಟ ಚುಕ್ಕಿಗಳನ್ನು ಕ್ಯಾಮೆರಾವೇ ಮರೆಮಾಡುವ ವ್ಯವಸ್ಥೆ) ಮಾಡಿ ಹೋಗುತ್ತವೆಯೇ ನೋಡಬೇಕು.

ಬಾಡಿಯೊಳಗೇ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ವ್ಯವಸ್ಥೆ) ಇರುವ ಕೆಲವು ಕ್ಯಾಮೆರಾಗಳನ್ನು ಆಫ್ ಮಾಡಿ ಅಲುಗಿಸಿದರೆ ಲಟಲಟ ಸದ್ದು ಬರುತ್ತದೆ. ಸೆನ್ಸರ್ ಸಡಿಲ ಬಿಟ್ಟಿರುವ ಸದ್ದು ಅದು, ದೋಷವಲ್ಲ. ಆನ್ ಮಾಡಿದಾಗಲೂ ಬಂದರೆ ಯೋಚಿಸಬೇಕು.

ಲೆನ್ಸ್

ಬಾಡಿ ನಾಲ್ಕಾರು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸ್ ದಶಕಗಟ್ಟಲೆ ಬಾಳುತ್ತದೆ. ಹಾಗಾಗಿ ನನ್ನ ಹೆಚ್ಚಿನ ಹೊತ್ತು ಹೋಗುವುದು ಇಲ್ಲೇ. ಅಪರ್ಚರ್ ಪೂರ್ತಿ ತೆರೆದು, ಹಿಂಬದಿಯಿಂದ ಟಾರ್ಚನ್ನು ಓರೆಯಾಗಿ ಬಿಟ್ಟು, ಮುಂಬದಿಯಿಂದ ನೋಡುತ್ತೇನೆ; ಆಮೇಲೆ ತಿರುಗಿಸಿ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಇಎಫ್ ಲೆನ್ಸನ್ನು ಬಾಡಿಯಿಂದ ಬಿಚ್ಚಿದಾಗ ಅಪರ್ಚರ್ ತಾನೇ ತೆರೆದಿರುತ್ತದೆ, ಹಳೆಯ ನಿಕಾನ್‌ನಲ್ಲಿ ಹಿಂದಿನ ಸಣ್ಣ ಲಿವರ್ ಒತ್ತಬೇಕು.

ಟಾರ್ಚ್ ಬೆಳಕಿನಲ್ಲಿ ಹೊಸ ಲೆನ್ಸ್ ಕೂಡ ಗಲೀಜಾಗಿ ಕಾಣುತ್ತದೆ, ಅದಕ್ಕೆ ಹೆದರಬೇಕಿಲ್ಲ. ಒಳಗಿನ ಬಿಡಿ ಧೂಳಿನ ಕಣಗಳು ಚಿತ್ರದಲ್ಲಿ ಕಾಣುವುದಿಲ್ಲ. ಮುಂದಿನ ಗಾಜಿನ ಸಣ್ಣ ಗೀರಿನಿಂದಲೂ ಎದುರು ಬೆಳಕಿನಲ್ಲಷ್ಟೇ ತೊಂದರೆ. ಹಿಂದಿನ ಗಾಜಿನ ಗೀರು ಹಾಗಲ್ಲ, ಸೆನ್ಸರಿಗೆ ಹತ್ತಿರವಿರುವುದರಿಂದ ಕಾಂಟ್ರಾಸ್ಟ್ ತಿನ್ನುತ್ತದೆ. ಫಂಗಸ್ ಜೇಡನ ಬಲೆಯಂತೆ ಕವಲೊಡೆದ ನೂಲಾಗಿ, ಹೆಚ್ಚಾಗಿ ಅಂಚಿನಿಂದ ಒಳಕ್ಕೆ ಹಬ್ಬಿರುತ್ತದೆ. ಬಿಚ್ಚಿ ಒರೆಸಿದರೆ ನೂಲು ಹೋಗಬಹುದು, ಆದರೆ ಅದು ಹೊರಸೂಸುವ ಆಮ್ಲ ಕೋಟಿಂಗ್ ತಿಂದಿದ್ದರೆ ಗುರುತು ಉಳಿಯುತ್ತದೆ. ಹೇಸ್, ಅಂದರೆ ಗಾಜಿನ ಮಬ್ಬು, ಇನ್ನೂ ಮೋಸದ್ದು: ಸಾದಾ ಬೆಳಕಿನಲ್ಲಿ ಕಾಣದೆ, ಟಾರ್ಚ್ ಬಿಟ್ಟಾಗ ಒಂದು ಎಲಿಮೆಂಟ್ (ಲೆನ್ಸಿನೊಳಗಿನ ಬಿಡಿ ಗಾಜು) ಪೂರ್ತಿ ಹಾಲುಹಾಲಾಗಿ ಬೆಳಗುತ್ತದೆ. ಆವಿಯಾದ ಗ್ರೀಸ್ ಕಾರಣವಾದರೆ ಒರೆಸಿ ತೆಗೆಯಬಹುದು, ಗಾಜಿನ ಮೈಯೇ ಕೆಟ್ಟಿದ್ದರೆ ಆಗದು. ಬಿಚ್ಚದೆ ಇವೆರಡರಲ್ಲಿ ಯಾವುದೆಂದು ಹೇಳಲಾಗದ್ದರಿಂದ ಹೇಸ್ ಇದ್ದದ್ದನ್ನು ಬಿಡುವುದೇ ಲೇಸು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಚಂದ್ರಾಕಾರ ಕಂಡರೆ ಅಂಟಿಸಿದ ಎರಡು ಗಾಜುಗಳು ಬಿಡುತ್ತಿವೆ. ಅದು ಬೆಳೆಯುತ್ತಲೇ ಹೋಗುತ್ತದೆ. ಹಳೆಯ ಸೂಪರ್ ಟಕುಮಾರ್ 50 ಎಂಎಂ ಎಫ್/1.4ರಲ್ಲಿ ಕಾಣುವ ಹಳದಿ ಬಣ್ಣ ಮಾತ್ರ ಗಾಬರಿಯ ವಿಷಯವಲ್ಲ. ಗಾಜಿನಲ್ಲಿ ಥೋರಿಯಂ ಇರುವುದರಿಂದ ಬರುವ ಬಣ್ಣ ಅದು, ಯುವಿ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ.

ಬ್ಲೇಡ್ ಮೇಲಿನ ಎಣ್ಣೆ ನೋಡಲು ಇಎಫ್ ಲೆನ್ಸ್‌ಗೆ ಒಂದು ಉಪಾಯವಿದೆ. ಎಫ್/11 ಇಟ್ಟು, ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ (ಅಪರ್ಚರ್ ಮುಚ್ಚಿ ತೋರಿಸುವಂಥದ್ದು) ಒತ್ತಿ ಹಿಡಿದೇ ಲೆನ್ಸನ್ನು ಬಾಡಿಯಿಂದ ಬಿಚ್ಚಿದರೆ ಬ್ಲೇಡ್ ಮುಚ್ಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ಹೊಳೆಯುವ ಕಲೆ ಇದ್ದರೆ ಎದ್ದು ಕಾಣುತ್ತದೆ. ಮತ್ತೆ ಹಾಕಿದರೆ ಸರಿಹೋಗುತ್ತದೆ. ಇಎಫ್ ಲೆನ್ಸ್‌ಗಳ ಹಿಂದೆ ಸುಮಾರು 2012ರವರೆಗೆ ತಯಾರಿಕೆಯ ಸಂಕೇತವೂ ಇರುತ್ತಿತ್ತು. ಮೊದಲ ಅಕ್ಷರ ಕಾರ್ಖಾನೆ, ಎರಡನೆಯದು ವರ್ಷ: ಎ ಎಂದರೆ 1986, ಅಲ್ಲಿಂದ ಎಣಿಸಿದರೆ ಎಕ್ಸ್ ಎಂದರೆ 2009. ‘ಒಂದೆರಡು ವರ್ಷ ಹಳೆಯದಷ್ಟೇ’ ಎಂಬ ಮಾತು ನಿಜವೋ ಸುಳ್ಳೋ ಎಂದು ಅಲ್ಲೇ ತಿಳಿಯುತ್ತದೆ.

ಬಿದ್ದ ಲೆನ್ಸ್‌ನ ನಿಜವಾದ ಪೆಟ್ಟು ಡಿಸೆಂಟರಿಂಗ್, ಅಂದರೆ ಒಂದು ಎಲಿಮೆಂಟ್ ಓರೆಯಾಗುವುದು. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಅಪರ್ಚರ್ ಪೂರ್ತಿ ತೆರೆದು, ದೂರದ ಒಂದು ವಿವರವನ್ನು ಚೌಕಟ್ಟಿನ ನಾಲ್ಕೂ ಮೂಲೆಗೆ ಒಂದೊಂದು ಸಲ ತಂದು, ಪ್ರತಿ ಸಲ ಅಲ್ಲೇ ಫೋಕಸ್ ಮಾಡಿ ತೆಗೆಯುತ್ತೇನೆ. ನಾಲ್ಕೂ ಮೂಲೆ ಸಮನಾಗಿ ಮಸುಕಾದರೆ ಆ ಲೆನ್ಸ್‌ನ ಜಾಯಮಾನ. ಒಂದೇ ಮೂಲೆ ಹಾಳಾದರೆ ದೋಷ. ಝೂಮ್ ಆದರೆ ಎರಡೂ ತುದಿ ಮತ್ತು ನಡುವೆ, ಮೂರು ಕಡೆ ಮಾಡಬೇಕು. ಇದು ಮನೆಯಲ್ಲಿ ಮಾಡುವ ಕೆಲಸ, ಅಂಗಡಿಯಲ್ಲಿ ಆಗದು.

ಫೋಕಸ್ ಮೋಟಾರನ್ನು ಅತಿ ಹತ್ತಿರದಿಂದ ಅನಂತದವರೆಗೆ ಹಲವು ಸಲ ಓಡಿಸಿ ಕಿವಿಗೊಡಬೇಕು. ನಿಕಾನ್‌ನ ಹಳೆಯ ಎಎಫ್-ಎಸ್ 17-35 ಎಂಎಂ ಎಫ್/2.8ನಲ್ಲಿ ಕೀಚಲು ಸದ್ದು ಬಂದರೆ ಮೋಟಾರ್ ಸಾಯುವ ಹಾದಿಯಲ್ಲಿದೆ. ಕ್ಯಾನನ್ ಇಎಫ್ 50 ಎಂಎಂ ಎಫ್/1.4ರ ಒಳಕೊಳವೆ ಹೊರಚಾಚಿದ್ದಾಗ ಪೆಟ್ಟು ತಿಂದರೆ ಅನಂತದ ಹತ್ತಿರ ಫೋಕಸ್ ಸಿಕ್ಕಿಕೊಳ್ಳುತ್ತದೆ. ಕೈಯಿಂದ ರಿಂಗ್ ತಿರುಗಿಸಿದಾಗ ಆ ಬಿಗಿ ಗೊತ್ತಾಗುತ್ತದೆ. ಡಿಎಸ್‌ಎಲ್‌ಆರ್ ಜೊತೆಗೆ ಕೊಳ್ಳುವ ಲೆನ್ಸ್‌ಗೆ ಮೈಕ್ರೊ ಅಡ್ಜಸ್ಟ್‌ಮೆಂಟ್‌ನ (ಫೋಕಸ್ ತಪ್ಪನ್ನು ತಿದ್ದುವ ಮೆನು) ±20 ಅಳತೆಯಲ್ಲಿ 10ಕ್ಕಿಂತ ಹೆಚ್ಚು ಬೇಕಾದರೆ ನಾನು ಹಿಂದಿರುಗಿಸುತ್ತೇನೆ.

ಮಾದರಿಗೇ ಅಂಟಿದ ಕಾಯಿಲೆಗಳು

ಹೋಗುವ ಮೊದಲು ಮಾದರಿಯ ಹೆಸರಿನ ಜೊತೆ ‘ಸಮಸ್ಯೆ’ ಎಂದು ಹುಡುಕಿ ಓದಿಕೊಳ್ಳಬೇಕು. 2012ರ ನಿಕಾನ್ ಡಿ600ರಲ್ಲಿ ಚಿತ್ರದ ಮೇಲ್ಭಾಗದ ಎಡಕ್ಕೆ ಕಲೆಗಳು ಗುಂಪಾಗುತ್ತಿದ್ದವು, ಕಂಪನಿಯೇ ಆಮೇಲೆ ಶಟರ್ ಬದಲಿಸಿಕೊಟ್ಟಿತು. ಬದಲಿಸಿದೆಯೇ ಎಂಬುದರ ಮೇಲೆಯೇ ಅದರ ಬೆಲೆ. ಪೆಂಟಾಕ್ಸ್ ಕೆ-30, ಕೆ-50ಗಳಲ್ಲಿ ಅಪರ್ಚರ್ ಸೊಲೆನಾಯ್ಡ್ (ಅಪರ್ಚರ್ ನಿಯಂತ್ರಿಸುವ ವಿದ್ಯುತ್ಕಾಂತ) ಸೋಲುತ್ತದೆ. ಕ್ಯಾಮೆರಾವನ್ನು ಹೊತ್ತುಗಟ್ಟಲೆ ಸುಮ್ಮನಿಟ್ಟು ತೆಗೆದ ಮೊದಲ ಚಿತ್ರಗಳು ಕಪ್ಪಾಗಿ ಬರುತ್ತವೆ. ಡೀಲರ್ ಆಗಷ್ಟೇ ಓಡಿಸಿ ಕೊಟ್ಟಿದ್ದರೆ ಗೊತ್ತೇ ಆಗದು. ಮೊದಲ ಫ್ಯೂಜಿಫಿಲ್ಮ್ ಎಕ್ಸ್100ನಲ್ಲಿ ಬ್ಲೇಡ್ ಅಂಟಿಕೊಂಡು ಚಿತ್ರ ಬೆಳ್ಳಗಾಗುತ್ತದೆ. ಲೈಕಾ ಎಂ9ರ ಸೆನ್ಸರ್ ಗಾಜು ಕಾಲಕ್ರಮೇಣ ಕೊರೆತಕ್ಕೆ ತುತ್ತಾಗುತ್ತದೆ. ಸೆನ್ಸರ್ ಬದಲಿಸಿದ್ದಕ್ಕೆ ಕಾಗದ ಇಲ್ಲದ ಎಂ9 ನನಗೆ ಬೇಡ.

ಫಿಲ್ಮ್ ಕ್ಯಾಮೆರಾ ಬೇರೆಯೇ ಲೋಕ, ಮುಖ್ಯವಾದ್ದಷ್ಟೇ ಹೇಳುತ್ತೇನೆ. ಹಿಂಬಾಗಿಲಿನ ಫೋಮ್ ಅಂಟಂಟಾಗಿರುವುದು ಮಾಮೂಲು, ಬದಲಿಸುವುದು ಸುಲಭ. ಹಿಂಬಾಗಿಲು ತೆರೆದು 1 ಸೆಕೆಂಡಿನ ಶಟರನ್ನು ಗಡಿಯಾರದ ಜೊತೆ ಹೋಲಿಸಿದರೆ ಒಣಗಿದ ಎಣ್ಣೆಯ ಸುಳಿವು ಸಿಗುತ್ತದೆ. ಕ್ಯಾನನ್ ಎಇ-1 ಕ್ಲಿಕ್ಕಿಸಿದಾಗ ಕೆಮ್ಮಿದಂತೆ ಸದ್ದು ಬಂದರೆ ಅದೂ ಎಣ್ಣೆಯದೇ. ಒಲಿಂಪಸ್ ಓಎಂ-1ರಂಥವು 1.35 ವೋಲ್ಟ್‌ನ ಪಾದರಸದ ಸೆಲ್‌ಗೆ ಮಾಡಿದವು; ಈಗ ಸಿಗುವ 1.5 ವೋಲ್ಟ್ ಆಲ್ಕಲೈನ್ ಹಾಕಿದರೆ ಮೀಟರ್ ತಪ್ಪು ತೋರಿಸುತ್ತದೆ, ಅದನ್ನು ದೋಷವೆಂದು ತಿಳಿಯಬಾರದು.

ವಾಪಸಾತಿಯ ದಿನಗಳಲ್ಲಿ

ಮನೆಗೆ ತಂದ ದಿನವೇ ಸೀಲ್, ಸೀರಿಯಲ್, ಜೊತೆಗೆ ಬಂದ ಸಾಮಾನು ಎಲ್ಲದರ ಚಿತ್ರ ತೆಗೆದಿಡುತ್ತೇನೆ. ಹಲವು ಮಾದರಿಗಳಲ್ಲಿ ಬ್ಯಾಟರಿಯ ಆರೋಗ್ಯವನ್ನು ಮೆನುವಿನಲ್ಲಿ ನೋಡಬಹುದು. ನಿಕಾನ್ 0ಯಿಂದ 4ರವರೆಗೆ ತೋರಿಸುತ್ತದೆ, 0 ಎಂದರೆ ಹೊಸದು; ಕ್ಯಾನನ್ ಮೂರು ಹಸಿರು ಗುರುತುಗಳಲ್ಲಿ ಹೇಳುತ್ತದೆ. ಅಂಥ ಮಾದರಿಯಲ್ಲಿ ಮಾಹಿತಿಯೇ ಬರದಿದ್ದರೆ ಬ್ಯಾಟರಿ ಬೇರೆ ಕಂಪನಿಯದಿರಬಹುದು. ವಿಡಿಯೊ ಇದ್ದರೆ ಅರ್ಧ ಗಂಟೆ ಬಿಡದೆ ರೆಕಾರ್ಡ್ ಮಾಡಬೇಕು, ಫ್ಲ್ಯಾಶ್ ಹಾಕಿ ಹಾಟ್‌ಶೂ ನೋಡಬೇಕು, ಪ್ರತಿ ಗುಂಡಿ ಮತ್ತು ಡಯಲ್ ಅನ್ನು ಎರಡೂ ದಿಕ್ಕಿಗೆ ತಿರುಗಿಸಬೇಕು. ಸವೆದ ಡಯಲ್ ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಾರುತ್ತದೆ, ಇಲ್ಲವೇ ಹಿಂದಕ್ಕೆ ಹೋಗುತ್ತದೆ.

ದೋಷ ಸಿಕ್ಕರೆ ಫೋನಿನಲ್ಲಿ ವಾದಿಸುವುದಿಲ್ಲ. ಮೂಲ ಕಡತ, ದೋಷವಿರುವ ಭಾಗದ ನೂರು ಶೇಕಡ ಗಾತ್ರದ ತುಣುಕು, ಬಳಸಿದ ಅಪರ್ಚರ್ ಮತ್ತು ಶಟರ್, ಬೇರೆ ಲೆನ್ಸ್ ಅಥವಾ ಬೇರೆ ಬಾಡಿಯಲ್ಲಿ ಅದೇ ಪರೀಕ್ಷೆಯ ಚಿತ್ರ, ಇವನ್ನು ಬರಹದಲ್ಲಿ ಕಳಿಸುತ್ತೇನೆ. ಅನುಭವವಿರುವ ಡೀಲರ್ ಇಷ್ಟು ನೋಡಿದ ಮೇಲೆ ಸಾಮಾನ್ಯವಾಗಿ ಮರುಮಾತಾಡುವುದಿಲ್ಲ. ಅಷ್ಟರೊಳಗೆ ಸೆನ್ಸರ್ ಒರೆಸುವುದು, ಲೆನ್ಸಿನ ಒಳಭಾಗ ಬಿಚ್ಚುವುದು, ಫರ್ಮ್‌ವೇರ್ ಬದಲಿಸುವುದು ಯಾವುದನ್ನೂ ಮಾಡಬಾರದು. ಒಂದು ಸ್ಕ್ರೂ ಮುಟ್ಟಿದರೂ ದೋಷ ನಿಮ್ಮದೆನ್ನಲು ಅವರಿಗೆ ದಾರಿಯಾಗುತ್ತದೆ.