ಸೋಮವಾರದ ಕೋಚ್ ಗೋಷ್ಠಿಗೆ ಇಳಿಬಿಟ್ಟ ನಾಲ್ಕು ಮೈಕ್: ನನ್ನ ಅನುಭವ

ಕಳೆದ ಸೀಸನ್ನಿನ ಕೊನೆಯ ಆರು ಸೋಮವಾರದ ಪತ್ರಿಕಾಗೋಷ್ಠಿಗಳಲ್ಲಿ ನಮ್ಮ ಫುಟ್‌ಬಾಲ್ ಕೋಚ್ ಬಾಯಲ್ಲಿ "ಏನಂದಿರಿ, ಇನ್ನೊಮ್ಮೆ ಹೇಳಿ" ಎಂಬ ಮಾತು ಒಂದು ಸಲವೂ ಬರಲಿಲ್ಲ. ಅಷ್ಟಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ, ಬಿಗ್ ಟೆನ್ ಕಾನ್ಫರೆನ್ಸಿನ (ತಮ್ಮತಮ್ಮಲ್ಲಿ ಪಂದ್ಯ ಆಡುವ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟ) ಒಂದು ವಿಶ್ವವಿದ್ಯಾಲಯದ ಊರಲ್ಲಿ. ಸೌಂಡ್ ಬಾಡಿಗೆಗೆ ಕೊಡುವವರ ಹತ್ತಿರ ಕೆಲಸ. ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್ ವಾರವಾರ ನಡೆಸುವ ಪತ್ರಿಕಾಗೋಷ್ಠಿಯ ಆಡಿಯೊ ಐದಾರು ವರ್ಷದಿಂದ ನನ್ನ ಕೈಯಲ್ಲಿದೆ. ಕೋಚ್ ಮುಂದೆ ಎರಡು ಮೈಕ್ ಇಟ್ಟು ಮಲ್ಟ್ ಬಾಕ್ಸಿಗೆ (ಒಂದೇ ಆಡಿಯೊವನ್ನು ಎಲ್ಲ ಕ್ಯಾಮೆರಾಗಳಿಗೆ ಹಂಚುವ ಪೆಟ್ಟಿಗೆ) ಕೊಟ್ಟರೆ ಅವರ ದನಿ ಚೆನ್ನಾಗಿಯೇ ಬರುತ್ತದೆ. ತೊಂದರೆ ಇರುವುದು ಪ್ರಶ್ನೆಗಳದ್ದು. "ಇನ್ನೂ ಗೊತ್ತಿಲ್ಲ, ಗುರುವಾರ ನೋಡೋಣ" ಎಂದು ಕೋಚ್ ಹೇಳುತ್ತಾರೆ. ಯಾರ ಬಗ್ಗೆ, ಯಾವ ಗಾಯದ ಬಗ್ಗೆ ಕೇಳಿದ್ದು ಎಂಬುದು ವಿಡಿಯೊದಲ್ಲಿ ಬರೀ ಗುಜುಗುಜು. ಬಿಗ್ ಟೆನ್‌ನಲ್ಲಿ 2023ರಿಂದ ಯಾರು ಆಡುತ್ತಾರೆ, ಯಾರು ಇಲ್ಲ ಎಂಬ ಪಟ್ಟಿಯನ್ನು ಪಂದ್ಯಕ್ಕೆ ಎರಡು ಗಂಟೆ ಮೊದಲು ಕೊಡಬೇಕು. ಪಂದ್ಯ ಶನಿವಾರ. ಸೋಮವಾರದಿಂದ ಅಲ್ಲಿಯ ತನಕ ಜನರ ಕೈಗೆ ಸಿಗುವುದು ಇಂಥ ಅರ್ಧ ಮಾತೇ. ಅದರ ಪ್ರಶ್ನೆಯೂ ಕೇಳಿಸದಿದ್ದರೆ ಗೋಷ್ಠಿ ಯಾಕೆ ಬೇಕು?

ಮೊದಲೆಲ್ಲ ಒಬ್ಬ ವಿದ್ಯಾರ್ಥಿ ಕೈಮೈಕ್ ಹಿಡಿದು ಸಾಲಿಂದ ಸಾಲಿಗೆ ಓಡುತ್ತಿದ್ದ. ಅರ್ಧ ಗಂಟೆಯಲ್ಲಿ ಇಪ್ಪತ್ತು ಪ್ರಶ್ನೆ ಅಂದರೆ, ಮೈಕ್ ಕೈ ಸೇರುವುದಕ್ಕೇ ಆರೇಳು ನಿಮಿಷ ಹೋಗುತ್ತಿತ್ತು. ವರದಿಗಾರರು ಕಾಯುವವರಲ್ಲ. ಮೈಕ್ ಬರುವಷ್ಟರಲ್ಲಿ ಆಟಗಾರನ ಹೆಸರು ಹೇಳಿ ಆಗಿರುತ್ತಿತ್ತು. ಕೈಮೈಕ್ ಎರಡಾದರೆ ಸರಿಹೋದೀತು ಎಂದು ಸೆಕೆಂಡ್ ಹ್ಯಾಂಡ್ ವೈರ್‌ಲೆಸ್ ಸೆಟ್ ತಂದೆ, 180 ಡಾಲರ್. ಮನೆಗೆ ತಂದು ಹಿಂದಿನ ಚೀಟಿ ಓದಿದರೆ 600 ಮೆಗಾಹರ್ಟ್ಸ್‌ನದ್ದು! ಆ ರೇಡಿಯೊ ಬ್ಯಾಂಡಿನ ಬಹುಪಾಲು ಇಲ್ಲಿ ಮೊಬೈಲ್ ಕಂಪನಿಗಳಿಗೆ ಹೋಗಿ, 2020ರ ಜುಲೈನಿಂದ ಅಲ್ಲಿ ವೈರ್‌ಲೆಸ್ ಮೈಕ್ ಬಳಸುವಂತಿಲ್ಲ. ಕೊಟ್ಟವರು ವಾಪಸ್ ತೆಗೆದುಕೊಳ್ಳಲಿಲ್ಲ. ಬ್ಯಾಂಡ್ ನೋಡದೆ ದುಡ್ಡು ಕೊಡಬೇಡಿ.

ಚಾವಣಿಗೆ ಮೈಕ್ ಕೂರಿಸಿಕೊಡಲು ಒಬ್ಬ ಗುತ್ತಿಗೆದಾರರು 11,000 ಡಾಲರ್ ಸುಮಾರಿಗೆ ಲೆಕ್ಕ ಕೊಟ್ಟರು. ಕ್ರೀಡಾ ವಿಭಾಗದವರು ಕೈಯೆತ್ತಿದರು. ಆಗ ನೆನಪಾದದ್ದು ದೊಡ್ಡಪ್ಪನ ಮೈಕ್ ಸೆಟ್. ಸಿರ್ಸಿ, ಸಿದ್ದಾಪುರದ ಕಡೆ ಬಯಲಾಟ ನೋಡಿದವರಿಗೆ ಗೊತ್ತು, ವೇಷಧಾರಿಗಳ ಕೈಯಲ್ಲಿ ಮೈಕ್ ಇರುವುದಿಲ್ಲ. ರಂಗಸ್ಥಳದ ಮುಂದಿನ ಅಡ್ಡಗಳುವಿನಿಂದ ಮೈಕ್ ಇಳಿಬಿಟ್ಟಿರುತ್ತಾರೆ. ಪಕ್ಕದಲ್ಲಿ ಚಂಡೆ ಬಡಿಯುತ್ತಿದ್ದರೂ ಅರ್ಥಗಾರಿಕೆ ಗದ್ದೆಯ ಆಚೆ ತುದಿಗೆ ಕೇಳುತ್ತದೆ. ಹದಿನೈದನೇ ವಯಸ್ಸಿನಿಂದ ದೊಡ್ಡಪ್ಪನ ಅಹುಜಾ ಆಂಪ್ಲಿಫೈಯರ್ ಹೊತ್ತವನು ನಾನು. ಚಂಡೆಯ ಪಕ್ಕ ಆಗುವ ಕೆಲಸ ನಲವತ್ತು ವರದಿಗಾರರ ನಡುವೆ ಆಗದೆ ಏನು?

ಆಗುವುದಿಲ್ಲ ಎಂದರು. ಫೀಡ್‌ಬ್ಯಾಕ್ ಬರುತ್ತದೆ (ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಕೂಗುವುದು), ಕೋಣೆ ಗೊಂಯ್‌ಗುಡುತ್ತದೆ ಎಂದು ನಮ್ಮ ಅಂಗಡಿಯ ಹಿರಿಯರೇ ತಲೆಯಾಡಿಸಿದರು.

ಆಗಸ್ಟ್ ಕೊನೆಯಲ್ಲಿ ಹಳೆಯ ಸಣ್ಣ ಕಂಡೆನ್ಸರ್ ಮೈಕ್ ನಾಲ್ಕು ತಂದೆ, ಒಂದಕ್ಕೆ 110 ಡಾಲರ್ ಬಿದ್ದಿರಬೇಕು. ಲೈಟ್ ಕಟ್ಟುವ ಪೈಪಿನಿಂದ ಇಳಿಬಿಟ್ಟು, ಮಾತು ಬರುವ ಮೈಕನ್ನು ತಾನೇ ಏರಿಸಿ ಉಳಿದವನ್ನು ತಗ್ಗಿಸುವ ಡ್ಯೂಗನ್ ಆಟೊಮಿಕ್ಸ್ ಹಾಕಿದೆ. ಸೆಪ್ಟೆಂಬರಿನ ಕಾನ್ಫರೆನ್ಸ್ ಹೊರಗಿನ ಪಂದ್ಯಗಳ ಗೋಷ್ಠಿಗೆ ಬರುವವರು ಎಂಟು ಹತ್ತು ಜನ. ಎಲ್ಲ ಸಲೀಸಾಗಿ ನಡೆಯಿತು. ಮೊದಲ ಕಾನ್ಫರೆನ್ಸ್ ಪಂದ್ಯದ ಸೋಮವಾರ ಎದುರಾಳಿ ಊರಿನವರೂ ಸೇರಿ ಮೂವತ್ತೈದು ಜನ ಬಂದು ಕುಳಿತರು. ಕೋಚ್ ಮಾತು ಶುರು ಮಾಡಿದರು, ಎಲ್ಲರೂ ಲ್ಯಾಪ್‌ಟಾಪ್ ಕುಟ್ಟಲು ಶುರು ಮಾಡಿದರು. ಹೆಡ್‌ಫೋನಿನಲ್ಲಿ ನನಗೆ ಕೇಳಿದ್ದು ಹಂಚಿನ ಮಾಡಿನ ಮೇಲೆ ಜುಲೈ ತಿಂಗಳ ಮಳೆ. ಹತ್ತನೇ ನಿಮಿಷಕ್ಕೆ, ಕೋಚಿಗೆ ಪ್ರಶ್ನೆ ಕೇಳಿಸಲೆಂದು ಗೋಡೆಗೆ ಹಾಕಿದ್ದ ಸ್ಪೀಕರ್ ಕೂಗಿತು. ನೇರ ಪ್ರಸಾರದಲ್ಲಿ! ಮಾಧ್ಯಮ ನೋಡಿಕೊಳ್ಳುವವರು ಗೋಷ್ಠಿ ಮುಗಿದ ಮೇಲೆ ಬಂದು, ಮುಂದಿನ ವಾರವೂ ಹೀಗಾದರೆ ಕೈಮೈಕೇ ಸಾಕು ಎಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ದೊಡ್ಡಪ್ಪನಿಗೆ ಫೋನ್ ಮಾಡಿ ಕೋಣೆಯ ಫೋಟೊ ಕಳಿಸಿದೆ. ಎಂಬತ್ತರ ಹತ್ತಿರ ಈಗ. "ತಮಾ, ಪೆಟ್ಟಿಗೆ ಆ ಪರದೆ ಬದಿಗೆ ಮುಖ ಹಾಕಿದ್ದೆಯಲ, ಪರದೆಗೆ ಬಡ್ದು ತಿರುಗಿ ಮೈಕಿಗೇ ಬತ್ತು. ಕೂಗ್ದೆ ಇನ್ನೆಂತ ಮಾಡ್ತು?" ಅಂದರು. ಪೆಟ್ಟಿಗೆ ಅಂದರೆ ಸ್ಪೀಕರ್. ನೋಡಿದರೆ ಅದೇ ಹೌದು. ಕೋಚ್ ಹಿಂದಿನ ಲೋಗೊ ಪರದೆ ಪ್ಲಾಸ್ಟಿಕ್ಕಿನದು, ಕನ್ನಡಿಯ ಹಾಗೆ ಶಬ್ದ ವಾಪಸ್ ಎಸೆಯುತ್ತದೆ.

ಗೋಡೆಯ ಸ್ಪೀಕರ್ ತೆಗೆದು, ಅಂಗೈಯಗಲದ ಒಂದನ್ನು ಮೇಜಿನ ಕೆಳಗೆ ಕೋಚ್ ಎದೆಯ ಕಡೆ ಮುಖ ಮಾಡಿ ಇಟ್ಟೆ. ಅದಕ್ಕೆ ಹೋಗುವುದು ಪ್ರಶ್ನೆ ಮಾತ್ರ, ಕೋಚ್ ಮೈಕ್ ಹೋಗುವುದಿಲ್ಲ. ಪರದೆಯ ಹಿಂದೆ, ಊರಿಂದ ಬರುವಾಗ ತಂದಿದ್ದ ಎರಡು ಕರಿ ಕಂಬಳಿ ಮಡಿಸಿ ತೂಗುಹಾಕಿದೆ. ಕುರಿ ಉಣ್ಣೆಯ ಒರಟು ನೇಯ್ಗೆ, ತಲಾ 1,800 ರೂಪಾಯಿ ಕೊಟ್ಟ ನೆನಪು. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಆದರೂ ಕಟ್ಟಡದ ಸುರಕ್ಷತೆಯವರನ್ನು ಕೇಳಿಯೇ ಹಾಕಿದ್ದು. ಕೋಚ್ ದನಿಯ ಡಬ್ಬಿ ಸದ್ದು ಅವತ್ತೇ ಹೋಯಿತು. ಅಂಗಡಿಯ ಫೋಮ್ ಹಲಗೆ ಅದಕ್ಕೆ ಸಮ ಬರುವುದಿಲ್ಲ, ನಾನು ಎರಡನ್ನೂ ಹಾಕಿ ಅಳೆದಿದ್ದೇನೆ.

ಕೀಬೋರ್ಡ್ ಮಳೆಗೆ ಎರಡು ವಾರ ಹಿಡಿಯಿತು. ಇಕ್ಯೂನಲ್ಲಿ (ದನಿಯ ಏರು, ತಗ್ಗು ಸ್ವರಗಳನ್ನು ಬೇರೆಬೇರೆಯಾಗಿ ಹೆಚ್ಚುಕಡಿಮೆ ಮಾಡುವುದು) ಆ ಸದ್ದನ್ನು ಕತ್ತರಿಸಲು ಹೋದರೆ ಮಾತಿನ ವ್ಯಂಜನಗಳೂ ಹೋಗುತ್ತವೆ. ಸದ್ದು ಸಣ್ಣದಿದ್ದಾಗ ಮೈಕ್ ಮುಚ್ಚುವ ಗೇಟ್ ಹಾಕಿದರೆ ಪ್ರಶ್ನೆಯ ಮೊದಲ ಅಕ್ಷರ ನುಂಗುತ್ತದೆ. ಕೊನೆಗೆ ಕೈಹಿಡಿದದ್ದು ಜಾಗ. ಕುಳಿತವರ ಬಾಯಿಗೂ ಬೆರಳಿಗೂ ಒಂದೂವರೆ ಅಡಿ ಅಂತರವಿದೆ. ಬಾಯಿ ಮೈಕಿನ ನೇರಕ್ಕೂ ಬೆರಳು ಅದರ ಕುರುಡು ಬದಿಗೂ ಬೀಳುವ ಎತ್ತರ ಒಂದಿದೆ, ಒಂದು ವಾಲು ಇದೆ. ಆ ಎರಡು ಅಳತೆ ನನ್ನ ಹತ್ತಿರವೇ ಇರಲಿ. ಎರಡು ವಾರ ಏಣಿ ಹತ್ತಿ ಇಳಿದು ಸಿಕ್ಕಿದ್ದು.

ನಡುವೆ ಬೇರೆ ಸಾಹಸವನ್ನೂ ಮಾಡಿದೆ. ಎರಡೂ ತಂಡದ ಆಟಗಾರರ ಪಟ್ಟಿಯನ್ನು ಮೊದಲೇ ತುಂಬಿಸಿ ಸ್ವಯಂಚಾಲಿತ ಕ್ಯಾಪ್ಷನ್ ಓಡಿಸಿದೆ. ಸಮೋವಾ, ಹವಾಯಿ ಮೂಲದ ಹುಡುಗರ ಹೆಸರು ಮೊದಲು ಗುರುತೇ ಸಿಗದಂತೆ ಬರುತ್ತಿದ್ದವು, ಈಗ ಹತ್ತಕ್ಕೆ ಎಂಟು ಸರಿ. ಪ್ರಾಯೋಜಕರ ಬಾಟಲಿಯದ್ದೂ ಒಂದು ಕಥೆ. ಅಲಬಾಮ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ನಿಕ್ ಸೇಬನ್ ಮುಂದೆ ಕೋಕಾ-ಕೋಲಾ ಬಾಟಲಿ ಇರುತ್ತಿದ್ದುದು ಪ್ರಸಿದ್ಧ, ನಮ್ಮಲ್ಲೂ ಒಂದು ಇಡುತ್ತಾರೆ. ಕೋಚ್ ಮೇಜು ಕುಟ್ಟಿದಾಗೆಲ್ಲ ಅದು ಮೈಕ್ ಸ್ಟ್ಯಾಂಡಿಗೆ ತಾಗುತ್ತಿತ್ತು. ಬುಡಕ್ಕೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದೆ, ಸದ್ದು ನಿಂತಿತು.

90 ಡಾಲರಿನ ಅಗ್ಗದ ಮಲ್ಟ್ ಬಾಕ್ಸ್ ಮಾತ್ರ ಯಾರೂ ತರಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ್ದು. ಒಂದು ಕ್ಯಾಮೆರಾದವರು ಚಾರ್ಜರ್ ಸಿಕ್ಕಿಸಿದರೆ ಹನ್ನೆರಡೂ ಕ್ಯಾಮೆರಾಕ್ಕೆ ಹಮ್ ಎಂಬ ಕರೆಂಟಿನ ಗುಂಯ್ ಸದ್ದು. ಕೊನೆಗೆ 600 ಕೊಟ್ಟು ಒಳ್ಳೆಯದನ್ನೇ ತಂದೆ. ಹಾಳಾದದ್ದೂ ಸೇರಿ, ಕಂಬಳಿ ಬಿಟ್ಟು, ಒಟ್ಟು 1,500 ಡಾಲರ್ ಒಳಗೇ ಮುಗಿಯಿತು.

ನವೆಂಬರಿನ ಒಂದು ಸೋಮವಾರ, ಹಿಂದಿನ ಸಾಲಿನ ಮೂಲೆಯಿಂದ ಒಬ್ಬ ವರದಿಗಾರ್ತಿ ತೀರ ಮೆಲ್ಲಗೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಭುಜದ ಬಗ್ಗೆ ಕೇಳಿದರು. ತಲೆಯೆತ್ತಿ ನೋಡಿದೆ. ಕೋಚ್ ಕಿವಿಗೆ ಕೈ ಇಡಲಿಲ್ಲ, ಮುಂದಕ್ಕೆ ಬಾಗಲಿಲ್ಲ, ನೇರ ಉತ್ತರ ಕೊಟ್ಟರು. ಪ್ರಶ್ನೆ ಉತ್ತರ ಎರಡೂ ಸಂಜೆ ಟಿವಿಯಲ್ಲಿ ಸ್ಪಷ್ಟವಾಗಿ ಬಂತು. ಮರುವಾರ ಎದುರಾಳಿ ವಿಶ್ವವಿದ್ಯಾಲಯದ ಆಡಿಯೊದವರು ಬಂದು ಪೈಪಿನ ಕೆಳಗೆ ನಿಂತು ನಾಲ್ಕೂ ಮೈಕಿನ ಫೋಟೊ ತೆಗೆದುಕೊಂಡರು. ಕಂಬಳಿಯನ್ನು ಕರೆದು ತೋರಿಸಿದೆ, ಮುಟ್ಟಿ ನೋಡಿದರು. ನೆಲದಿಂದ ಎಷ್ಟು ಎತ್ತರ ಎಂದು ಕೇಳಿದಾಗ ಕಾಫಿ ಕುಡಿಯೋಣ ಬನ್ನಿ ಎಂದೆ.